ಅಪ್ಪನ ಕೆಳರೆಪ್ಪೆ

ಜನವರಿ 9

ಅಣ್ಣ,

ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆದೆ, ಆಮೇಲೆ ಹೊಡೆದುಹಾಕಿದೆ. ಬೇರೆ ಹಾಳೆ ಇರಲಿಲ್ಲ, ಅದಕ್ಕೇ ಮೇಲೆ ಆ ಗೀಟು. ಜೈಲಿಗೆ ಬರುವ ಕಾಗದಗಳನ್ನು ಅಲ್ಲಿನವರು ಒಡೆದು ಓದಿಯೇ ಕೊಡುತ್ತಾರಂತೆ. ಓದಲಿ.

ವಾಯಿದೆಯ ದಿನ ನಿನ್ನನ್ನು ವ್ಯಾನಿನಿಂದ ಇಳಿಸುವಾಗ ನಾನೂ ಅಮ್ಮನೂ ಕೋರ್ಟಿನ ಗೇಟಿನ ಹತ್ತಿರವೇ ನಿಂತಿದ್ದೆವು. ನೀನು ನಮ್ಮ ಕಡೆ ತಿರುಗಲಿಲ್ಲ. ಅಪ್ಪನ ಮುಖವನ್ನೇ ನೋಡುತ್ತಿದ್ದೆ. ಅವನ ಬಲಗಣ್ಣಿನ ಕೆಳಗಿನಿಂದ ರಕ್ತ ಇಳಿದು ಅಂಗಿಯ ಕಾಲರಿಗೆ ಅಂಟಿತ್ತು. ಅದನ್ನು ನೋಡಿ ನೀನು ನಕ್ಕೆ.

ಆ ರಕ್ತ ಹೇಗೆ ಬಂತು ಎಂದು ನಿನಗೆ ಗೊತ್ತಿಲ್ಲ. ಅವತ್ತು ಬೆಳಿಗ್ಗೆ ಅಪ್ಪ ಕನ್ನಡಿಯ ಮುಂದೆ ಕೂತು, ಕೆಳರೆಪ್ಪೆಯ ಮೇಲೆ ಕಟ್ಟಿದ್ದ ಹಕ್ಕಳೆಯನ್ನು ಹೆಬ್ಬೆರಳಿನ ಉಗುರಿನಿಂದ ಎಬ್ಬಿಸಿ ಕಿತ್ತ. ಪ್ರತಿ ವಾಯಿದೆಗೂ ಹೀಗೇ ಮಾಡುತ್ತಾನೆ. ಅಮ್ಮ ಒರೆಸಲು ಬಟ್ಟೆ ತಂದರೆ ಅವಳ ಕೈಯನ್ನೇ ತಳ್ಳಿದ.

"ಒರೆಸಬೇಡ ಕಣೆ! ಸಾಕ್ಷಿ ಒಣಗಬಾರದು. ಜಡ್ಜ್ ಸಾಹೇಬರು ಹಸಿಹಸಿಯಾಗೇ ನೋಡಲಿ, ಮಗ ಕೊಟ್ಟ ಉಡುಗೊರೆ."

ಸರ್ಕಾರಿ ವಕೀಲರು ಅವನಿಗೆ ಹೇಳಿದ್ದಾರಂತೆ, ಬರೀ ಗಾಯವಾದರೆ ಸ್ವಲ್ಪ ಶಿಕ್ಷೆ, ಕಣ್ಣೇ ಹೋಯಿತು ಎಂದಾದರೆ ವರ್ಷಗಟ್ಟಲೆ. ಅವತ್ತಿನಿಂದ ಅಪ್ಪ ಆ ಹುಣ್ಣಿಗೆ ಮದ್ದು ಹಚ್ಚುವುದನ್ನೇ ಬಿಟ್ಟಿದ್ದಾನೆ. "ಕಣ್ಣು ಹೋದರೆ ಹೋಗಲಿ, ಅವನು ಒಳಗೇ ಕೊಳೀಲಿ" ಎಂದು ತಾನು ಕೆಲಸ ಮಾಡುವ ಲಾರಿ ಒಡೆಯುವ ಯಾರ್ಡಿನಲ್ಲಿ ಎಲ್ಲರ ಮುಂದೆ ಹೇಳುತ್ತಾನೆ.

ನೀನು ಅವನಿಗೆ ಹೊಡೆದ ಆ ಮಧ್ಯಾಹ್ನ ನಾನು ಮನೆಯ ಬಾಗಿಲಿಗೆ ಬಂದಾಗ ಎಲ್ಲ ಮುಗಿಯುತ್ತಾ ಬಂದಿತ್ತು. ಅಮ್ಮ ಒಲೆಯ ಪಕ್ಕ ಕೂತು ತನ್ನ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದಳು, ಬೇರೆ ಯಾರದೋ ಕೈ ಹಿಡಿದವಳ ಹಾಗೆ. ಮೊಣಕೈ ತಿರುಗಬಾರದ ಕಡೆಗೆ ತಿರುಗಿತ್ತು. ಅಪ್ಪನ ಮುಷ್ಟಿಗೆ ಲಾರಿಯ ಫ್ಯಾನ್ ಬೆಲ್ಟ್ ಸುತ್ತಿಕೊಂಡಿತ್ತು. ನಿನ್ನ ಕೈಯಲ್ಲಿ ಲಾರಿ ಜಾಕಿನ ಕಬ್ಬಿಣದ ರಾಡ್. ಅಪ್ಪನ ಕೆನ್ನೆ ಹರಿದು ಹಲ್ಲೆಲ್ಲ ಕೆಂಪಾಗಿತ್ತು. ಆದರೂ ಅವನು ನಗುತ್ತಿದ್ದ. "ಇನ್ನೊಂದು ಹಾಕೋ, ಗಂಡಸಾದರೆ ಇನ್ನೊಂದು ಹಾಕು" ಎನ್ನುತ್ತಿದ್ದ. ನೀನು ಹಾಕಲಿಲ್ಲ. ನಾನು ಕಣ್ಣಾರೆ ನೋಡಿದ್ದು ಅಷ್ಟೇ.

ಈಗ ವಿಷಯಕ್ಕೆ ಬರುತ್ತೇನೆ. ಮೊನ್ನೆ ಅಪ್ಪ ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಗೆ ಬಂದಿದ್ದ, ನಾನು ಕೋರ್ಟಿನಲ್ಲಿ ಏನು ಹೇಳಬೇಕು ಎಂದು ಕಲಿಸಲು. ನಾನು ಒಳಗೆ ಗಾಜಿನ ಅಂಚು ಸಾಣೆ ಹಿಡಿಯುತ್ತಿದ್ದೆ. ಕಣ್ಣು ಪರೀಕ್ಷೆ ಮಾಡುವ ನಮ್ಮ ಮೇಡಂ ಅವನ ಮುಖವನ್ನು ಬಹಳ ಹೊತ್ತು ನೋಡಿ, "ಆ ಜಾಗದಲ್ಲಿ ರೆಪ್ಪೆಕೂದಲು ಯಾವಾಗ ಉದುರಿತು?" ಎಂದು ಕೇಳಿದರು.

"ಮಗ ಉದುರಿಸಿದ" ಎಂದು ಅಪ್ಪ ಹೊರಟುಹೋದ.

ಮೇಡಂ ನನ್ನನ್ನು ಕರೆದು ರಾಡ್ ಬಿದ್ದದ್ದು ಎಲ್ಲಿಗೆ ಎಂದು ಕೇಳಿದರು. ಹೊಲಿಗೆ ಬಿದ್ದಿರುವುದು ಕೆನ್ನೆಯ ಮೂಳೆಯ ಮೇಲೆ, ರೆಪ್ಪೆಗಿಂತ ಎರಡು ಬೆರಳು ಕೆಳಗೆ ಎಂದೆ. "ಏಟಿನ ಗಾಯ ಇಷ್ಟು ತಿಂಗಳು ಹೀಗೆ ಇರಲ್ಲಮ್ಮ. ಅಂಚು ಮುತ್ತಿನ ಹಾಗೆ ಹೊಳೀತಿದೆ, ಮಧ್ಯ ಗುಳಿ ಬಿದ್ದಿದೆ. ಇದು ಬೇರೆ ಏನೋ. ದೊಡ್ಡ ಕಣ್ಣಾಸ್ಪತ್ರೆಗೆ ಕರ್ಕೊಂಡು ಹೋಗಿ" ಎಂದರು.

ನೀನು ಯಾರ್ಡಿನಲ್ಲಿ ಅವನ ಎದುರು ಕೂತು ಕೆಲಸ ಮಾಡುತ್ತಿದ್ದವನು. ಆ ಜಾಗದಲ್ಲಿ ಮೊದಲೇ ಏನಾದರೂ ಇತ್ತಾ? ನೆನಪು ಮಾಡಿಕೊಂಡು ಬರೆ.

ನಿನ್ನ ತಂಗಿ


ಜನವರಿ 27

ಕಡ್ಡಿ,

ಇತ್ತು.

ಬಿಸಿಲಿಗೆ ಅವನು ಕಣ್ಣು ಕಿರಿದು ಮಾಡಿದಾಗ ಕೆಳರೆಪ್ಪೆಯ ಅಂಚಿನಲ್ಲಿ ಒಂದು ಬಿಳಿ ಗುಳ್ಳೆ ಮಿಂಚುತ್ತಿತ್ತು. ಎಷ್ಟೋ ವರ್ಷದಿಂದ ಇತ್ತು. ನಾನು ರಾಡ್ ಎತ್ತಿದಾಗ ಅದಕ್ಕೇ ಗುರಿ ಇಟ್ಟಿದ್ದೆ. ಅವನ ಮುಖದಲ್ಲಿ ನೋಡುವುದಕ್ಕೆ ನನಗೆ ಧೈರ್ಯವಿದ್ದದ್ದು ಆ ಒಂದು ಚುಕ್ಕೆಯನ್ನು ಮಾತ್ರ.

ಇಲ್ಲಿನವರು ಓದಬಾರದೆಂದು ಈ ಕಾಗದವನ್ನು ಬಿಡುಗಡೆಯಾಗುವವನೊಬ್ಬನ ಕೈಯಲ್ಲಿ ಕಳಿಸುತ್ತಿದ್ದೇನೆ. ಇದನ್ನು ನಿನಗೆ ಹೇಳಿದ್ದೇನೆ, ಇನ್ನು ಯಾರಿಗೂ ಹೇಳುವುದಿಲ್ಲ. ಯಾಕೆ ಅಂತ ಕೇಳು. ನಾನು ಇಲ್ಲಿಗೆ ಬಂದ ಮೊದಲ ವಾರ ನನ್ನ ಕಂಬಳಿ ಕಿತ್ತುಕೊಂಡರು, ತಟ್ಟೆ ಕಿತ್ತುಕೊಂಡರು. ನಮ್ಮ ಬ್ಯಾರಕ್ಕಿನಲ್ಲಿ ಒಬ್ಬನಿದ್ದಾನೆ, ಹಲ್ಲುಬಡಕ ಅಂತಲೇ ಅವನನ್ನು ಕರೆಯುವುದು. ನೀರಿನ ಸರದಿಯಲ್ಲಿ ಮುಂದೆ ನಿಂತ ತಪ್ಪಿಗೆ ಒಬ್ಬ ಮುದುಕನ ಕೂದಲು ಹಿಡಿದು ಅವನ ಬಾಯಿಯನ್ನು ನಲ್ಲಿಗೆ ಬಡಿದ. ಮತ್ತೆ ಬಡಿದ. ನಲ್ಲಿಯ ಕೆಳಗಿನ ಬಚ್ಚಲಿನಲ್ಲಿ ಹಲ್ಲು ಬಿದ್ದಿದ್ದವು. ನಾವೆಲ್ಲ ಅದೇ ನೀರು ಹಿಡಿದೆವು.

ಅಪ್ಪನ ಕಣ್ಣು ಹೋಗುತ್ತಿದೆ ಎಂಬ ಸುದ್ದಿ ಬಂದ ದಿನ ನನ್ನ ಕಂಬಳಿಯನ್ನು ಮಡಚಿ ವಾಪಸು ತಂದುಕೊಟ್ಟರು. ಈಗ ನನ್ನ ಹೆಸರು ಕಣ್ಣು ಕಿತ್ತವನು. ಹಲ್ಲುಬಡಕ ಕೂಡ ಜಾಗ ಬಿಡುತ್ತಾನೆ. ಹೊರಗೆ ಇಷ್ಟು ವರ್ಷ ಬದುಕಿದರೂ ನನಗೆ ಇಂಥ ಮರ್ಯಾದೆ ಸಿಕ್ಕಿರಲಿಲ್ಲ.

ಅವನನ್ನು ಎಲ್ಲಿಗೂ ಕರೆದುಕೊಂಡು ಹೋಗಬೇಡ. ಕಣ್ಣು ಹೋಗಲಿ ಬಿಡು. ಅದು ನಾನು ಕಿತ್ತದ್ದಾಗಿಯೇ ಇರಲಿ.

ಅಮ್ಮನ ಕೈ ನೆಟ್ಟಗಾಯಿತಾ? ಅದನ್ನು ನೀನು ಬರೆಯಲೇ ಇಲ್ಲ.

ಅಣ್ಣ


ಫೆಬ್ರವರಿ 20

ಅಣ್ಣ,

ನಿನ್ನ ಮಾತು ಕೇಳಲಿಲ್ಲ. ನಾನು ಸುಮ್ಮನಿದ್ದರೂ ಅಮ್ಮ ಸುಮ್ಮನಿರುತ್ತಿರಲಿಲ್ಲ. ನಿನ್ನ ಕಾಗದವನ್ನು ಅವಳಿಗೆ ಓದಿ ಹೇಳಿದೆ. "ಮೊದಲೇ ಇತ್ತಾ?" ಎಂದು ಒಂದೇ ಮಾತು ಕೇಳಿದಳು.

ಅದರ ಮರುದಿನ ಮಧ್ಯಾಹ್ನ ಅಪ್ಪ ಮಂಚದ ಮೇಲೆ ಮಲಗಿದ್ದ. ಅಮ್ಮ ಅವನ ಎರಡು ಪೌಂಡಿನ ಸುತ್ತಿಗೆಯನ್ನು ಎಡಗೈಯಲ್ಲಿ ಹಿಡಿದು ಅವನ ಎದೆಯ ಮೇಲೆ ಮಂಡಿ ಊರಿ ಕೂತಳು. ಅವನು ಕಣ್ಣು ಬಿಟ್ಟಾಗ ಸುತ್ತಿಗೆಯ ತಲೆ ಅವನ ಎಡಗಣ್ಣಿನ ಮೇಲಿತ್ತು.

"ಏಳಬೇಡ" ಎಂದಳು. "ಒಂದು ಕಣ್ಣು ಹುಣ್ಣಿನ ಪಾಲು, ಇನ್ನೊಂದು ನನ್ನ ಪಾಲು. ಆಸ್ಪತ್ರೆಗೆ ಬರ್ತೀಯೋ, ಇಲ್ಲೇ ತಗೊಳ್ಳಲೋ?"

"ನಿನಗೆ ಹುಚ್ಚು ಹಿಡಿದಿದೆ."

"ಹಿಡಿದು ಬಹಳ ದಿನ ಆಯ್ತು. ನಿನಗೆ ಈಗ ಗೊತ್ತಾಯ್ತು."

"ನನ್ನ ಕಣ್ಣಿನ ಮೇಲೆ ನಿನಗೇನೇ ಅಷ್ಟು ಪ್ರೀತಿ?"

"ನಿನ್ನ ಕಣ್ಣನ್ನ ಕಾಗೆಗೆ ಹಾಕು. ನನ್ನ ಮಗ ಹೊರಗೆ ಬರಬೇಕು."

ಅಪ್ಪ ಅವಳನ್ನು ಒದ್ದು ಬೀಳಿಸಬಹುದಿತ್ತು. ಬಾಗಿಲಲ್ಲಿ ನಿಂತಿದ್ದ ನಾನು ಅದಕ್ಕೇ ಕಾಯುತ್ತಿದ್ದೆ. ಅವನು ಒದೆಯಲಿಲ್ಲ. ಸುತ್ತಿಗೆಯನ್ನು ಯಾರು ಹೇಗೆ ಹಿಡಿದಿದ್ದಾರೆ ಎಂದು ಅವನಿಗೆ ಗೊತ್ತಾಗುತ್ತದೆ, ಅದು ಅವನ ಕಸುಬು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮೊದಲು ಬೆಳಕು ಬಿಟ್ಟು ನೋಡಿದರು. ಆಮೇಲೆ ಒಂದು ಕತ್ತಲೆ ಕೋಣೆಗೆ ಕಳಿಸಿದರು. ಅಲ್ಲಿ ಒಂದು ಮಷೀನು ಇದೆ. ಕೈಯಲ್ಲಿ ಹಿಡಿಯುವ ಸಣ್ಣ ಕೊಳವೆಯಂಥದ್ದು, ವಯರಿನಿಂದ ಪರದೆಗೆ ಸೇರಿಸಿರುತ್ತಾರೆ. ಅದೂ ಸೂಕ್ಷ್ಮದರ್ಶಕವೇ, ಆದರೆ ಚರ್ಮವನ್ನು ಕತ್ತರಿಸಿ ಗಾಜಿನ ಮೇಲೆ ಇಡಬೇಕಾಗಿಲ್ಲ. ರೆಪ್ಪೆಗೆ ಅಂಟುಮದ್ದು ಹಚ್ಚಿ ಕೊಳವೆಯ ತುದಿ ತಾಗಿಸಿದರೆ ಸಾಕು, ಚರ್ಮದೊಳಗಿನ ಜೀವಕೋಶಗಳು ಬದುಕಿರುವಾಗಲೇ ಪರದೆಯ ಮೇಲೆ ಕಾಣುತ್ತವೆ. ಒಂದು ಕೂದಲಿನಷ್ಟು ಅಲ್ಲಾಡಿದರೂ ಚಿತ್ರ ಕೆಡುತ್ತದೆ.

ಅಪ್ಪನ ಮುಖದ ಹತ್ತಿರ ಯಾರ ಕೈ ಬಂದರೂ ಏನಾಗುತ್ತದೆ ಎಂದು ನಿನಗೆ ಗೊತ್ತು. ಮಷೀನು ಹಿಡಿದವನು ತುದಿ ತಾಗಿಸಿದ್ದೇ ತಡ, ಅಪ್ಪನ ಮುಷ್ಟಿ ಹೋಗಿ ಅವನ ದವಡೆಗೆ ಬಿತ್ತು. ಆ ಮನುಷ್ಯ ಸ್ಟೂಲಿನ ಸಮೇತ ಉರುಳಿದ. ಹೊರಗಿನಿಂದ ಕಾವಲುಗಾರ ಓಡಿ ಬಂದ, ಅಪ್ಪ ಅವನ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿದ. ಟ್ರೇ ಬಿತ್ತು, ಬಾಟಲಿ ಒಡೆಯಿತು. ಡಾಕ್ಟರಮ್ಮ ಬಾಗಿಲಲ್ಲಿ ನಿಂತು, "ಹೊಡೆದಾಯ್ತಾ? ಹಾಗಾದರೆ ಕೂತ್ಕೊಳ್ಳಿ. ಈ ಮಷೀನು ಇನ್ನೂ ಬಹಳ ಜನರನ್ನ ನೋಡಬೇಕು" ಎಂದರು.

ಅಮ್ಮ ಅವನ ಹಿಂದೆ ಹೋಗಿ ನಿಂತು ತಲೆಯನ್ನು ಎರಡೂ ಕೈಯಲ್ಲಿ ಹಿಡಿದಳು. ಬಲಗೈ ನೆಟ್ಟಗಾಗಿಲ್ಲ, ಇನ್ನು ಆಗುವುದಿಲ್ಲ, ನೀನು ಕೇಳಿದ್ದೆಯಲ್ಲ. ಆ ಸೊಟ್ಟ ಕೈಯಿಂದಲೇ ಅವನ ಕಿವಿಗಳು ಬೆಳ್ಳಗಾಗುವ ಹಾಗೆ ಒತ್ತಿದಳು. ಅಪ್ಪ ಹಲ್ಲು ಕಚ್ಚಿ ಕೂತ.

ಪರದೆಯ ಮೇಲೆ ಎಲ್ಲ ಬೂದು ಬಣ್ಣ. ಚೆನ್ನಾಗಿರುವ ಚರ್ಮ ಜೇನುಗೂಡಿನ ಹಾಗೆ ಸಾಲುಸಾಲಾಗಿ ಇರುತ್ತದೆ. ಡಾಕ್ಟರಮ್ಮ ತಾವೇ ಕೊಳವೆ ಹಿಡಿದು ತುದಿಯನ್ನು ಸ್ವಲ್ಪ ಸರಿಸಿದರು. ಸಾಲು ಕೆಟ್ಟಿತು. ಉಂಡೆಯುಂಡೆಯಾದ ಗುಂಪುಗಳು ಬಂದವು, ಸುತ್ತಲೂ ಕಪ್ಪು ಸೀಳು, ನಡುನಡುವೆ ದಪ್ಪ ರಕ್ತನಾಳಗಳು. ನಾಳದೊಳಗೆ ಬಿಳಿ ಚುಕ್ಕೆಗಳು ಒಂದರ ಹಿಂದೆ ಒಂದು ಓಡುತ್ತಿದ್ದವು.

"ಅದೇನು ಓಡ್ತಿರೋದು?" ಅಪ್ಪ ಕೇಳಿದ.

"ನಿಮ್ಮ ರಕ್ತ. ಈಗ ಓಡ್ತಿರೋದು."

"ಎಲ್ಲಿಗೆ?"

"ಈ ಗಂಟುಗಳಿಗೆ ಊಟ ತಗೊಂಡು ಹೋಗ್ತಿದೆ. ಇದು ಚರ್ಮದ ಕ್ಯಾನ್ಸರ್. ಒಂದು ಚೂರು ತೆಗೆದು ಖಚಿತ ಮಾಡ್ಕೊಳ್ತೀವಿ, ಆದರೆ ನನಗೆ ಅನುಮಾನ ಇಲ್ಲ. ಬಹಳ ನಿಧಾನ ಬೆಳೆಯೋದು. ವರ್ಷಗಳಿಂದ ಇದೆ."

ಆಮೇಲೆ ಕೆನ್ನೆಯ ಹೊಲಿಗೆಯ ಮೇಲೂ ತುದಿ ಇಟ್ಟು ತೋರಿಸಿದರು. ಅಲ್ಲಿ ದಾರದ ಎಳೆಗಳ ಹಾಗೆ ಗಾಯದ ಕಲೆ ಮಾತ್ರ ಇತ್ತು. ಗಂಟು ಒಂದೂ ಇಲ್ಲ. ಕಲೆಗೂ ಗಂಟಿಗೂ ನಡುವೆ ಒಳ್ಳೆಯ ಚರ್ಮವಿದೆ.

"ಏಟಿನಿಂದ ಆಗಿದ್ದು ಅಂತ ಬರೀರಿ" ಎಂದ ಅಪ್ಪ.

"ಆಗಿದ್ದರೆ ಬರೀತಿದ್ದೆ."

"ನನ್ನ ಕಣ್ಣು ರೀ ಇದು!"

"ನಿಮ್ಮದೇ. ಅದಕ್ಕೇ ಬೇಗ ಕೊಯ್ಯಿಸಿಕೊಳ್ಳಿ ಅಂತಿದೀನಿ. ಬಿಟ್ಟರೆ ಕಣ್ಣಿನ ಗುಳಿಗೆ ಇಳಿಯುತ್ತೆ, ಆಗ ಗುಡ್ಡೆನೇ ತೆಗೀಬೇಕಾಗುತ್ತೆ."

ಕೋರ್ಟು ಮುಗಿಯುವ ತನಕ ಕೊಯ್ಯಿಸಿಕೊಳ್ಳುವುದಿಲ್ಲ ಎಂದು ಅಪ್ಪ ಎದ್ದು ಬಂದ. ಚೂರು ತೆಗೆಯಲು ಮಾತ್ರ ಬಿಟ್ಟ. ಖಚಿತವೂ ಆಗಿದೆ.

ಅಣ್ಣ, ಅದು ನಿನ್ನ ಏಟಲ್ಲ. ನೀನು ಅವನ ಕಣ್ಣು ಕಿತ್ತಿಲ್ಲ. ವಕೀಲರಿಗೆ ಹೇಳಿ ಡಾಕ್ಟರಮ್ಮನನ್ನು ಸಾಕ್ಷಿಗೆ ಕರೆಸುತ್ತೇವೆ.

ನಿನ್ನ ತಂಗಿ


ಏಪ್ರಿಲ್ 2

ಕಡ್ಡಿ,

ಜೈಲಿನ ಆಸ್ಪತ್ರೆಯಿಂದ ಬರೆಯುತ್ತಿದ್ದೇನೆ. ಪಕ್ಕೆಲುಬು ಮುರಿದಿದೆ, ಉಸಿರು ಎಳೆದಾಗಲೆಲ್ಲ ಅಕ್ಷರ ಸೊಟ್ಟಗಾಗುತ್ತದೆ. ನೀನೂ ಅಮ್ಮನೂ ಗೇಟಿಗೆ ಬಂದು ತಿರುಗಿ ಹೋದಿರಿ ಎಂದು ಆಮೇಲೆ ಹೇಳಿದರು.

ನಿನ್ನ ಕಾಗದ ಓದಿದ ಜಮಾದಾರನಿಗೆ ಬಾಯಿ ಕಟ್ಟಲಾಗಲಿಲ್ಲ. ಊಟದ ಸಾಲಿನಲ್ಲಿ ನಿಂತಿದ್ದಾಗ ಕೂಗಿ ಹೇಳಿದ: "ಏಯ್ ಕಣ್ಣು ಕಿತ್ತವನೇ! ಅದು ನೀನು ಕಿತ್ತದ್ದಲ್ಲವಂತೆ ಕಣೋ, ಹುಣ್ಣಂತೆ! ನಿನ್ನ ತಂಗಿ ಬರೆದಿದ್ದಾಳೆ!" ಇಡೀ ಸಾಲು ನಕ್ಕಿತು. ನಾನೂ ನಕ್ಕೆ. ನಗದೆ ಏನು ಮಾಡಲಿ.

ಸ್ನಾನದ ಹೊತ್ತಿಗೆ ಹಲ್ಲುಬಡಕ ಬಂದ. ಅವನ ಜೊತೆ ಇಬ್ಬರು. "ಇಷ್ಟು ದಿನ ನಿನಗೆ ಜಾಗ ಬಿಟ್ಟೆನಲ್ಲೋ, ಹುಣ್ಣಿನ ಮಗನೇ" ಎಂದ. ನನ್ನನ್ನು ನೆಲಕ್ಕೆ ಕೆಡವಿ ಬಕೆಟ್ಟಿನ ಅಂಚಿನಿಂದ ಪಕ್ಕೆಗೆ ಜಡಿದರು. ಆಮೇಲೆ ಪಾಯಿಖಾನೆಯ ಬಾಗಿಲ ಸಂದಿಗೆ ನನ್ನ ತಲೆ ಇಟ್ಟು ಬಾಗಿಲು ಎಳೆದರು. ಎಡಕಿವಿ ಅರ್ಧ ಹರಿದಿದೆ. ಕಂಬಳಿ ಮತ್ತೆ ಹೋಯಿತು.

ನಿನ್ನ ಮೇಲೆ ಕೋಪವಿಲ್ಲ ಎಂದು ಬರೆಯಬೇಕು ಎಂದುಕೊಂಡೆ. ಇದೆ. ನನ್ನನ್ನು ಬಿಡಿಸಲು ಹೊರಟು ನನ್ನನ್ನು ಬರಿಗೈಯಲ್ಲಿ ನಿಲ್ಲಿಸಿದೆ. ಇನ್ನು ಮುಂದೆ ಅವನ ಕಣ್ಣಿನ ವಿಷಯ ಬರೆಯಬೇಡ.

ಒಂದು ಮಾತ್ರ ಬರೆ. ಅದರಿಂದ ಅವನು ಸಾಯುತ್ತಾನಾ?

ಅಣ್ಣ


ಏಪ್ರಿಲ್ 30

ಅಣ್ಣ,

ಸಾಯುವುದಿಲ್ಲ. ಈ ಜಾತಿಯ ಕ್ಯಾನ್ಸರ್ ದೂರಕ್ಕೆ ಹಬ್ಬುವುದು ತೀರಾ ಕಡಿಮೆಯಂತೆ. ಆದರೆ ಇರುವ ಜಾಗವನ್ನು ತಿನ್ನುತ್ತಲೇ ಹೋಗುತ್ತದೆ. ಇನ್ನೊಮ್ಮೆ ಮಷೀನು ಇಟ್ಟು ನೋಡಿದಾಗ ಗಂಟುಗಳು ಮೂಗಿನ ಕಡೆಯ ಮೂಲೆಗೆ ಸರಿದಿದ್ದವು.

ನಿನ್ನ ಕಾಗದ ಅಮ್ಮನಿಗೆ ಓದಿ ಹೇಳುವಾಗ ಕಿವಿಯ ವಿಷಯ ಬಿಟ್ಟೆ. "ಏನೋ ಬಿಟ್ಟೆ, ಓದು" ಎಂದಳು. ಓದಿದೆ.

ನೀನು ಬರೆಯಬೇಡ ಎಂದರೂ ಇದನ್ನು ಬರೆಯಲೇಬೇಕು. ಓದುವ ಜಮಾದಾರರೇ, ನೀವೂ ಓದಿ, ಇದನ್ನೂ ಕೂಗಿ ಹೇಳಿ.

ಕಳೆದ ವಾರ ಯಾರ್ಡಿನಲ್ಲಿ ಗ್ಯಾಸ್ ಕಟರ್ ಹಿಡಿಯುವ ಮೀಸೆಯವನು ಎಲ್ಲರ ಮುಂದೆ ಅಪ್ಪನಿಗೆ ಹೇಳಿದನಂತೆ, "ಏನಣ್ಣಾ, ಲಾರಿ ಚಾಸಿ ಮುರಿಯೋನು ನೀನು. ಆ ನರಪೇತಲ ಹುಡುಗ ಒಂದೇ ಏಟಿಗೆ ನಿನ್ನ ಕಣ್ಣು ತೆಗೆದುಬಿಟ್ಟನಲ್ಲ! ನನ್ನ ಮಗ ಆಗಿದ್ದಿದ್ರೆ ಬೆನ್ನು ತಟ್ತಿದ್ದೆ." ಎಲ್ಲರೂ ನಕ್ಕಿದ್ದಾರೆ.

ಅಪ್ಪ ಅವನ ಮೀಸೆ ಹಿಡಿದು ಎಳೆದು ಮುಖವನ್ನು ಹಳೆಯ ಬಂಪರ್ರಿಗೆ ಬಡಿದ. ಮೂಗು ಒಡೆಯಿತು. ಬಿದ್ದವನನ್ನು ಕಾಲು ಹಿಡಿದು ಎಳೆದು ಕರಿ ಆಯಿಲ್ ತುಂಬಿದ ಡ್ರಮ್ಮಿಗೆ ತಲೆ ಅದ್ದಿದ. ಮೂರು ಜನ ಸೇರಿ ಬಿಡಿಸಿದರು. ಬಿಡಿಸುವಾಗ ಯಾರದೋ ಮೊಣಕೈ ತಾಗಿ ಅಪ್ಪನ ರೆಪ್ಪೆ ಕಿತ್ತುಕೊಂಡು ರಕ್ತ ಸುರಿಯತೊಡಗಿತು. ಆ ಅವತಾರದಲ್ಲೇ ನಮ್ಮ ಅಂಗಡಿಗೆ ಬಂದ. ಗಿರಾಕಿಗಳು ಎದ್ದು ಓಡಿದರು. ನನ್ನ ತೋಳು ಹಿಡಿದು ಎಳೆದುಕೊಂಡು ಹೋಗಿ ಯಾರ್ಡಿನ ನಡುವೆ ನಿಲ್ಲಿಸಿದ. ಬೆರಳಿನ ಗುರುತು ಇನ್ನೂ ಹೋಗಿಲ್ಲ.

"ಹೇಳೇ. ಆ ಡಾಕ್ಟರಮ್ಮ ಪರದೆ ಮೇಲೆ ಏನು ತೋರಿಸಿದಳು, ಇವರಿಗೆ ಹೇಳು."

ನಾನು ಹೇಳಿದೆ. ನನಗೆ ನಾಲ್ಕು ಜನರ ಮುಂದೆ ಮಾತಾಡಿ ಅಭ್ಯಾಸವಿಲ್ಲ. ಗಂಟುಗಳು, ಕಲೆ, ನಡುವಿನ ಒಳ್ಳೆಯ ಚರ್ಮ, ಎಲ್ಲ ನೆಲ ನೋಡಿಕೊಂಡು ಹೇಳಿದೆ. ಮೀಸೆಯವನು ಕಪ್ಪು ಮುಖದಲ್ಲಿ ಮೂಗು ಹಿಡಿದು ಕೂತಿದ್ದ. ಕೊನೆಗೆ ಯಾರೋ, "ಹಾಗಾದರೆ ಹುಡುಗನ ಏಟು ಏನೂ ಮಾಡಲಿಲ್ವಾ?" ಎಂದು ಕೇಳಿದರು.

"ಏನೂ ಮಾಡಲಿಲ್ಲ" ಎಂದ ಅಪ್ಪ. "ಸೊಳ್ಳೆ ಕಚ್ಚಿದ ಹಾಗೆ. ಅವನ ಕೈಯಲ್ಲಿ ಎಲ್ಲಿದೆಯೋ ಬಲ?"

ಅಲ್ಲಿಯವರೆಗೆ ನಿನ್ನ ಏಟೇ ದೊಡ್ಡದು ಎಂದು ಊರೆಲ್ಲ ಸಾರುತ್ತಿದ್ದವನು ಅವನೇ. ಹಾಗೆ ಸಾರಿದರೆ ತಾನು ಏಟು ತಿಂದವನಾಗುತ್ತೇನೆ ಎಂದು ಅವತ್ತಿನವರೆಗೆ ಅವನಿಗೆ ಹೊಳೆದಿರಲಿಲ್ಲ.

ಮರುದಿನ ತಾನೇ ಆಸ್ಪತ್ರೆಗೆ ಹೋಗಿ ಕೊಯ್ಯಲು ದಿನ ಗೊತ್ತುಮಾಡಿಕೊಂಡು ಬಂದಿದ್ದಾನೆ.

ನಿನ್ನ ತಂಗಿ


ಜೂನ್ 11

ಅಣ್ಣ,

ನೀನು ಉತ್ತರ ಬರೆದಿಲ್ಲ. ಆದರೂ ತಿಳಿಸುತ್ತೇನೆ.

ಕೊಯ್ದಾಯಿತು. ಕಣ್ಣಿನ ಗುಡ್ಡೆ ಉಳಿಯಿತು.

ಕೊಯ್ಯುವ ಮೊದಲು ಮತ್ತೆ ಮಷೀನು ಇಟ್ಟು ಡಾಕ್ಟರಮ್ಮ ಗಂಟುಗಳು ಎಲ್ಲಿ ಮುಗಿಯುತ್ತವೆ ಎಂದು ಹುಡುಕಿ ಹುಡುಕಿ ನೇರಳೆ ಪೆನ್ನಿನಿಂದ ರೆಪ್ಪೆಯ ಮೇಲೆ ಗೆರೆ ಎಳೆದರು. ಬರಿಗಣ್ಣಿಗೆ ಹುಣ್ಣು ಉಗುರಿನಷ್ಟು, ಗೆರೆ ಅದರ ಎರಡರಷ್ಟು. "ಕಣ್ಣಿಗೆ ಕಾಣೋದನ್ನ ಮಾತ್ರ ನಂಬಿದ್ದರೆ ಅರ್ಧ ಒಳಗೇ ಬಿಟ್ಟಿರುತ್ತಿದ್ದೆ" ಎಂದರು.

ಆ ಜಾಗಕ್ಕೆ ಮಾತ್ರ ಮರಗಟ್ಟುವ ಸೂಜಿ ಚುಚ್ಚಿದ್ದರು. ಅಪ್ಪ ಎಚ್ಚರವಾಗೇ ಇದ್ದ. ಅವನೇ ಆಮೇಲೆ ಹೇಳಿದ, ಕತ್ತರಿ ತನ್ನ ರೆಪ್ಪೆಯನ್ನು ಕತ್ತರಿಸುವ ಸದ್ದು ತಲೆಬುರುಡೆಯ ಒಳಗಿನಿಂದ ಕೇಳುತ್ತಿತ್ತಂತೆ. ಕತ್ತರಿಸಿದ ಚೂರನ್ನು ಪಕ್ಕದ ಕೋಣೆಗೆ ಒಯ್ದು ಅದರ ಅಂಚನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಗಂಟು ಉಳಿದಿದ್ದರೆ ಅದೇ ಕಡೆ ಮತ್ತೆ ಕೊಯ್ಯುತ್ತಾರೆ. ಅಷ್ಟು ಹೊತ್ತೂ ಅಪ್ಪ ತೆರೆದ ಗಾಯ ಇಟ್ಟುಕೊಂಡು, ಅರ್ಧ ರೆಪ್ಪೆ ಇಲ್ಲದೆ, ಕಣ್ಣು ಮುಚ್ಚಲಾಗದೆ ದೀಪ ನೋಡುತ್ತಾ ಮಲಗಿರಬೇಕು. ಮೂಗಿನ ಕಡೆ ಉಳಿದಿತ್ತು. ಮತ್ತೆ ಕೊಯ್ದರು. ಇನ್ನೂ ಉಳಿದಿತ್ತು. ಮತ್ತೆ ಕೊಯ್ದರು.

ಅವನು ಬಾಯಿಗೆ ಬಂದ ಹಾಗೆ ಬೈದನಂತೆ. ಡಾಕ್ಟರಮ್ಮನ ಅಪ್ಪ ಅಮ್ಮ ಯಾರನ್ನೂ ಬಿಡಲಿಲ್ಲವಂತೆ. "ಬೈಯಿರಿ, ಬೈಯಿರಿ, ತಲೆ ಮಾತ್ರ ಅಲ್ಲಾಡಿಸಬೇಡಿ" ಎಂದು ಅವರು ಕೊಯ್ಯುತ್ತಲೇ ಇದ್ದರಂತೆ. ಅಂಚು ಶುದ್ಧವಾದ ಮೇಲೆ ಮೇಲಿನ ರೆಪ್ಪೆಯಿಂದ ಸ್ವಲ್ಪ, ಕಿವಿಯ ಹಿಂದಿನಿಂದ ಸ್ವಲ್ಪ ಚರ್ಮ ತಂದು ಹೊಲಿದಿದ್ದಾರೆ. ಅದು ಕೂಡಿಕೊಳ್ಳುವ ತನಕ ಆ ಕಣ್ಣು ಮುಚ್ಚಿಯೇ ಇರಬೇಕು.

ಹೊರಗೆ ಬಂದವನು ನನಗೆ ಹೇಳಿದ ಮೊದಲ ಮಾತು: "ನಿನ್ನ ಅಣ್ಣ ಇಷ್ಟುದ್ದ ರಾಡಿನಲ್ಲಿ ಮಾಡಲಾಗದ್ದನ್ನ ಆ ಹೆಂಗಸು ಬೆರಳುದ್ದದ ಬ್ಲೇಡಿನಲ್ಲಿ ಮಾಡಿದಳು. ಅವನಿಗೆ ಬರೆ."

ಬರೆದಿದ್ದೇನೆ. ಜುಲೈ ಮೊದಲ ವಾರ ವಾಯಿದೆ. ಅಪ್ಪನ ಸಾಕ್ಷಿ ಅವತ್ತೇ. ಏನು ಹೇಳುತ್ತಾನೋ ಗೊತ್ತಿಲ್ಲ. ಕೇಳಿದರೆ ಪಟ್ಟಿಯ ಮೇಲೆ ಕೈ ಇಟ್ಟುಕೊಂಡು ಗೋಡೆ ಕಡೆ ತಿರುಗುತ್ತಾನೆ.

ನಿನ್ನ ತಂಗಿ


ಜುಲೈ 6

ಕಡ್ಡಿ,

ಈ ಕಾಗದವನ್ನು ಯಾರೂ ಒಡೆದು ಓದುವುದಿಲ್ಲ. ಬಸ್ಸಿನಲ್ಲಿ ಎಷ್ಟು ದೂರ ಬಂದೆ ಎಂದು ಅಂಚೆಯ ಮುದ್ರೆ ನೋಡಿ ತಿಳಿದುಕೋ. ಇಲ್ಲಿ ಟೈರಿಗೆ ಪಂಕ್ಚರ್ ಹಾಕುವ ಅಂಗಡಿಯಲ್ಲಿ ಕೆಲಸ ಸಿಕ್ಕಿದೆ, ಹಿಂದೆ ಒಂದು ಕೋಣೆಯೂ ಇದೆ.

ಕೋರ್ಟಿನ ಹಾಲಿನಲ್ಲಿ ನೀನು ಹಿಂದಿನ ಬೆಂಚಿನಲ್ಲಿ ಮುಖ ಮುಚ್ಚಿಕೊಂಡಿದ್ದೆ. ಅಮ್ಮ ಮುಚ್ಚಿಕೊಂಡಿರಲಿಲ್ಲ. ಡಾಕ್ಟರಮ್ಮ ಹೇಳಿ ಮುಗಿಸಿದ ಮೇಲೂ ನನಗೆ ನಂಬಿಕೆ ಇರಲಿಲ್ಲ. ಸರ್ಕಾರಿ ವಕೀಲರು ಅಪ್ಪನನ್ನು, "ಈ ಆರೋಪಿಯ ಏಟಿನಿಂದ ನಿಮ್ಮ ಕಣ್ಣಿಗೆ ಹಾನಿಯಾಯಿತೇ?" ಎಂದು ಕೇಳಿದಾಗ ಅವನು ನನ್ನ ಕಡೆ ತಿರುಗಿದ. ಆಸ್ಪತ್ರೆಯ ಪಟ್ಟಿ, ಅದರ ಪಕ್ಕ ಒಂದೇ ಕಣ್ಣು. ನಾನು ಕಟಕಟೆಯ ಕಂಬಿ ಹಿಡಿದುಕೊಂಡೆ.

"ಇವನ ಏಟಿನಿಂದಲಾ ಸ್ವಾಮಿ?" ಎಂದ. "ಇವನ ಮುಖ ನೋಡಿ ಹೇಳಿ. ನೊಣ ಕೂತ ಹಾಗಾಯ್ತು. ಬೀಸಿದ, ಕೆನ್ನೆ ಸ್ವಲ್ಪ ತರಚಿತು. ಇವನನ್ನ ಇಷ್ಟು ದಿನ ಊಟ ಹಾಕಿ ಒಳಗೆ ಇಟ್ಟುಕೊಂಡಿದ್ದೇ ಸರ್ಕಾರಕ್ಕೆ ನಷ್ಟ."

ಇಡೀ ಕೋರ್ಟು ನಕ್ಕಿತು. ಜಡ್ಜ್ ಕೂಡ ತುಟಿ ಒರೆಸಿಕೊಂಡರು. ಇಷ್ಟು ದಿನ ಒಳಗಿದ್ದದ್ದೇ ಸಾಕು ಎಂದು ಆ ಮಧ್ಯಾಹ್ನವೇ ನನ್ನನ್ನು ಬಿಟ್ಟರು. ಅವನು ನನ್ನನ್ನು ಬಿಡಿಸಿದ. ಎಲ್ಲರ ಮುಂದೆ ನನ್ನ ಮುಖಕ್ಕೆ ಉಗಿದು ಬಿಡಿಸಿದ. ಅದಕ್ಕಿಂತ ಹತ್ತು ವರ್ಷ ಹಾಕಿಸಿದ್ದರೆ ತಡೆದುಕೊಳ್ಳುತ್ತಿದ್ದೆ.

ಈಗ ನಿನಗೆ ಗೊತ್ತಿಲ್ಲದ್ದು. ನೀವಿಬ್ಬರೂ ವಕೀಲರ ಹತ್ತಿರ ನಿಂತಿದ್ದಾಗ ನಾನು ಹೊರಗಿನ ಮೆಟ್ಟಿಲ ಹತ್ತಿರ ಹೋದೆ. ಅವನು ಒಬ್ಬನೇ ಇಳಿಯಲು ನಿಂತಿದ್ದ. ನಾನು ಅವನ ಬಲಕ್ಕೆ, ಪಟ್ಟಿಯ ಕಡೆಗೆ ನಿಂತೆ. ಅವನಿಗೆ ನಾನು ಕಾಣುತ್ತಿರಲಿಲ್ಲ. ಕಡ್ಡಿ, ಸುಳ್ಳು ಹೇಳುವುದಿಲ್ಲ. ತಳ್ಳಿಬಿಡೋಣ ಎಂದುಕೊಂಡೇ ಹೋಗಿದ್ದೆ. ಕಡಿದಾದ ಕಲ್ಲಿನ ಮೆಟ್ಟಿಲು. ಒಂದು ಕೈ ಸಾಕಿತ್ತು, ಕೈ ಎತ್ತಿದ್ದೆ ಕೂಡ.

ಅವನು ಬಲಗೈಯನ್ನು ಗಾಳಿಯಲ್ಲಿ ಚಾಚಿ ತಡಕಾಡಿದ. "ಎಲ್ಲಿ ಸತ್ತೆಯೇ? ಕೈ ಕೊಡು" ಎಂದ. ಅಮ್ಮ ಎಂದುಕೊಂಡಿದ್ದ.

ನಾನು ಕೈ ಕೊಟ್ಟೆ. ಯಾಕೆ ಎಂದು ಕೇಳಬೇಡ.

ಹಿಡಿದ ತಕ್ಷಣ ಅವನಿಗೆ ಗೊತ್ತಾಯಿತು. ತಿರುಗಿ ನೋಡಲಿಲ್ಲ. ಬೆರಳುಗಳನ್ನು ಬಿಗಿದ. ನನ್ನ ಮೂಳೆಗಳು ಒಂದರ ಮೇಲೊಂದು ಹತ್ತಿದವು. ನಾನೂ ಬಿಗಿದೆ. ಒಂದು ಮೆಟ್ಟಿಲು ಇಳಿದೆವು, ಇನ್ನೂ ಬಿಗಿದ. ನಾನೂ ಬಿಗಿದೆ. ಅವನ ಉಗುರು ನನ್ನ ಚರ್ಮ ಸೀಳಿತು. ಅವನ ಬೆರಳಿನ ಗೆಣ್ಣು ಲಟಕ್ಕೆಂದದ್ದು ನನಗೆ ಕೇಳಿಸಿತು. ನೋಡುವವರಿಗೆ ಮಗ ಅಪ್ಪನನ್ನು ಇಳಿಸುತ್ತಿದ್ದಾನೆ ಎಂದೇ ಕಂಡಿರಬೇಕು. ಒಬ್ಬ ಮುದುಕ ದಾರಿ ಕೂಡ ಬಿಟ್ಟ.

ಕೆಳಗೆ ಬಂದ ಮೇಲೆ ಅವನೇ ಬಿಟ್ಟ. ಕೈ ಕೊಡವಿಕೊಂಡು, "ಪರವಾಗಿಲ್ಲ" ಎಂದ. ಅಷ್ಟೇ. ಅವನು ಆ ಕಡೆ, ನಾನು ಈ ಕಡೆ.

ಒಂದು ಕೇಳಬೇಕು. ಆಗ ಅವನ ಪಟ್ಟಿಯ ಕೆಳಗಿನಿಂದ ನೀರು ಇಳಿದು ಗಡ್ಡದವರೆಗೂ ಬಂದಿತ್ತು. ಅವನು ಅಳುತ್ತಿದ್ದನಾ?

ನಾನು ಆ ಮನೆಗೆ ಬರುವುದಿಲ್ಲ. ಅಮ್ಮನನ್ನು ಕಳಿಸು. ಕೋಣೆ ಸಣ್ಣದು, ಆದರೆ ಒಳಗಿನಿಂದ ಚಿಲಕ ಇದೆ.

ಅಣ್ಣ


ಜುಲೈ 15

ಅಣ್ಣ,

ಅಳುತ್ತಿರಲಿಲ್ಲ. ಮೂಗಿನ ಕಡೆಯ ಮೂಲೆಯಲ್ಲಿ ಕೊನೆಯ ಸಲ ಕೊಯ್ದಾಗ ಕಣ್ಣೀರು ಒಳಕ್ಕೆ ಹರಿಯುವ ಸಣ್ಣ ದಾರಿಯನ್ನೂ ತೆಗೆಯಬೇಕಾಯಿತು. ಇನ್ನು ಆ ಕಣ್ಣಿನ ನೀರು ಹೊರಕ್ಕೇ ಹರಿಯುತ್ತದೆ. ಉಣ್ಣುವಾಗಲೂ ಹರಿಯುತ್ತದೆ, ಬೈಯುವಾಗಲೂ ಹರಿಯುತ್ತದೆ. ನೀನು ಕೇಳಿದ್ದಕ್ಕೆ ಡಾಕ್ಟರಮ್ಮ ಹೇಳಿದ್ದನ್ನೇ ಬರೆದಿದ್ದೇನೆ. ಅದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ.

ಅಮ್ಮ ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತಾಳೆ. ನಾನು ಅಂಗಡಿಯ ಮೇಡಂ ಮನೆಯ ಮಾಳಿಗೆಗೆ ಹೋಗುತ್ತಿದ್ದೇನೆ, ಅವರೇ ಕರೆದರು. ಅಮ್ಮ ನಡುಮನೆಯಲ್ಲಿ ಕೂತು ಬಟ್ಟೆ ಗಂಟು ಕಟ್ಟುವಾಗ ಅಪ್ಪ ಮಂಚದ ಮೇಲೆ ಕೂತು ನೋಡುತ್ತಿದ್ದ. ಹೊಡೆಯಲು ಎದ್ದ. ಅಮ್ಮ ತಲೆ ಎತ್ತಲಿಲ್ಲ, ಗಂಟು ಬಿಗಿಯುವುದನ್ನೂ ನಿಲ್ಲಿಸಲಿಲ್ಲ. ಅವನು ಸ್ವಲ್ಪ ಹೊತ್ತು ನಿಂತು ಮತ್ತೆ ಕೂತ.

ರೆಪ್ಪೆ ಚೆನ್ನಾಗಿ ಕೂಡಿಕೊಂಡಿದೆ. ಹೊಲಿಗೆ ಬಿಡಿಸಿ ಕಣ್ಣು ತೆರೆದರು. ಗಂಟು ಮತ್ತೆ ಬಂದಿದೆಯಾ ಎಂದು ಆಗಾಗ ಮಷೀನು ಇಟ್ಟು ನೋಡಬೇಕು, ವರ್ಷಗಟ್ಟಲೆ.

"ಇನ್ನು ಆಸ್ಪತ್ರೆಗೆ ನನ್ನನ್ನ ಯಾರು ಕರ್ಕೊಂಡು ಹೋಗ್ತಾರೆ?" ಎಂದು ಕೇಳಿದ. ಅವನ ಬಾಯಲ್ಲಿ ನಾನು ಕೇಳಿದ ಮೊದಲ ಮೆತ್ತನೆಯ ಮಾತು ಅದು.

ಅಮ್ಮ ಗಂಟನ್ನು ಬಾಗಿಲ ಹತ್ತಿರ ಇಟ್ಟಳು.

"ಎರಡು ಕಣ್ಣೂ ಉಳಿಸಿಕೊಟ್ಟಿದ್ದೀನಲ್ಲ" ಎಂದಳು. "ನೋಡಿಕೊಂಡು ಹೋಗು."

ನಿನ್ನ ತಂಗಿ